ಡೇರೆ ತಿಂದ ಬೂಷ್ಟು ಮತ್ತು ಹುಲ್ಲಿನ ಎಥನಾಲ್: 200 ವರ್ಷದ ಕಥೆ



ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ. ಭತ್ತದ ಹುಲ್ಲು, ಮೆಕ್ಕೆಜೋಳದ ಸೊಪ್ಪೆ ಇಂಥದ್ದರಿಂದ ಎಥನಾಲ್ ತೆಗೆಯೋ ಘಟಕವನ್ನು ಹರಿಹರದ ಹತ್ತಿರ ಮಾಡ್ತೀವಿ ಅಂತ ಎಂಆರ್‌ಪಿಎಲ್ ಯೋಜನೆ ಹಾಕಿದ್ದು ನಿಮಗೆ ಗೊತ್ತೇ ಇದೆ. ದಿನಕ್ಕೆ 60 ಸಾವಿರ ಲೀಟರ್‌ನ ಘಟಕ. ಅವತ್ತಿಂದ ಸೊಸೈಟಿ ಮುಂದೆ ನಾಲ್ಕು ಜನ ಸೇರಿದ್ರೆ ಇದರ ಮಾತು ಬಂದೇ ಬರುತ್ತೆ. ಒಬ್ಬರು "ಇನ್ಮೇಲೆ ಹುಲ್ಲಿಗೂ ಕಾಳಿನ ರೇಟು ಬರುತ್ತೆ ನೋಡ್ರಿ" ಅಂತಾರೆ. ಇನ್ನೊಬ್ಬರು "ಹುಲ್ಲಲ್ಲಿ ಎಲ್ಲಿಂದ ಪೆಟ್ರೋಲ್ ಬರುತ್ತೆ, ಸುಮ್ನಿರಪ್ಪ" ಅಂತಾರೆ. ಇಬ್ಬರ ಮಾತೂ ಪೂರ್ತಿ ಸರಿ ಇಲ್ಲ. ಹುಲ್ಲಿಂದ ಎಥನಾಲ್ ಬರುತ್ತೆ, ಅದರಲ್ಲಿ ಅನುಮಾನವೇ ಬೇಡ. ಆದರೆ ಅದನ್ನು ಮಾಡೋಕೆ ಹೋದ ದೊಡ್ಡ ದೊಡ್ಡ ಕಂಪನಿಗಳು ಎಲ್ಲಿ ಎಡವಿದವು ಅನ್ನೋದು ನಮಗೆ ಗೊತ್ತಿರಬೇಕು. ಯಾಕಂದ್ರೆ ಅವು ಎಡವಿದ್ದು ಬಹುಪಾಲು ನಮ್ಮ ಹೊಲದ ಬದುವಿನಲ್ಲೇ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮೆಕ್ಕೆಜೋಳದ ಕಾಳಿನಲ್ಲಿರೋ ಪಿಷ್ಟ ಅಂದ್ರೆ ಗ್ಲೂಕೋಸ್ ಮಣಿಗಳ ಸರ. ಅದರ ಸೊಪ್ಪೆಯಲ್ಲಿರೋ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಮಣಿಗಳ ಸರವೇ. ಮಣಿ ಒಂದೇ, ಪೋಣಿಸಿದ ರೀತಿ ಬೇರೆ. ಕಾಳಿನ ಸರ ಸಡಿಲ, ಬೇಯಿಸಿದ್ರೆ ಬಿಚ್ಚಿಕೊಳ್ಳುತ್ತೆ, ನಮ್ಮ ಬಾಯಿ ಎಂಜಲಿಗೇ ಕರಗೋಕೆ ಶುರುವಾಗುತ್ತೆ. ಸೊಪ್ಪೆಯ ಸರಗಳು ಒಂದಕ್ಕೊಂದು ಅಂಟಿ, ಬಿಗಿದು, ಸರಳಿನ ಹಾಗೆ ನಿಂತಿರ್ತವೆ. ಆರ್‌ಸಿಸಿ ಕಂಬ ನೋಡಿದ್ದೀರಲ್ಲ, ಅದೇ ಲೆಕ್ಕ: ಸೆಲ್ಯುಲೋಸ್ ಕಬ್ಬಿಣದ ಸರಳು, ಹೆಮಿಸೆಲ್ಯುಲೋಸ್ ಅದನ್ನು ಕಟ್ಟೋ ಬೈಂಡಿಂಗ್ ತಂತಿ, ಲಿಗ್ನಿನ್ ಸಿಮೆಂಟು. ಒಣ ಸೊಪ್ಪೆಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗದಿಂದ ನೂರಕ್ಕೆ 40ರವರೆಗೆ ಸೆಲ್ಯುಲೋಸೇ ಇರುತ್ತೆ. ಗಾಳಿಗೆ ಬೀಳದೆ ನಿಲ್ಲೋಕೆ ಗಿಡ ಕಟ್ಟಿಕೊಂಡ ಕಂಬ ಅದು, ನಾವು ಕೇಳಿದ ತಕ್ಷಣ ಸಕ್ಕರೆ ಬಿಟ್ಟುಕೊಡೋಕೆ ಅಲ್ಲ.

ಈ ಕಂಬ ಒಡೆದು ಸಕ್ಕರೆ ತೆಗೀಬಹುದು ಅಂತ ಮೊದಲು ತೋರಿಸಿದ್ದು ಫ್ರಾನ್ಸ್‌ನ ಬ್ರಾಕೊನೊ ಅನ್ನೋರು, 1819ರಲ್ಲಿ. ನಾರುಬಟ್ಟೆಯ ಹಳೇ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ, ನೀರು ಹಾಕಿ ಕುದಿಸಿದ್ರು, ಸಕ್ಕರೆ ಬಂತು. ಹಾಕಿದ ಚಿಂದಿಗಿಂತ ಬಂದ ಸಕ್ಕರೆಯ ತೂಕ ಜಾಸ್ತಿ ಅಂತ ಅವರು ಬರೆದಾಗ ಓದಿದವರಿಗೆ ವಿಚಿತ್ರ ಅನ್ನಿಸಿರಬೇಕು. ಅದರಲ್ಲಿ ಮೋಸ ಏನಿಲ್ಲ. ಸರ ಬಿಚ್ಚುವಾಗ ಪ್ರತಿ ಮಣಿಗೂ ಒಂದೊಂದು ನೀರಿನ ಅಣು ಸೇರಿಕೊಳ್ಳುತ್ತೆ. 100 ಕೆಜಿ ಸೆಲ್ಯುಲೋಸ್ ಪೂರ್ತಿ ಬಿಚ್ಚಿದ್ರೆ 111 ಕೆಜಿ ಗ್ಲೂಕೋಸ್.

ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಆಮ್ಲದ್ದೇ ಕಾರುಬಾರು. ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೌತ್ ಕೆರೊಲಿನಾ, ಲೂಸಿಯಾನಾ ರಾಜ್ಯಗಳಲ್ಲಿ ಗರಗಸದ ಮಿಲ್ಲಿನ ಹೊಟ್ಟಿನಿಂದ ಮದ್ಯಸಾರ ತೆಗೆಯೋ ಎರಡು ಫ್ಯಾಕ್ಟರಿ ನಡೆದವು. ಯುದ್ಧ ಮುಗಿದ ಮೇಲೆ ಮುಚ್ಚಿದವು. ಜರ್ಮನಿಯಲ್ಲಿ ಶೋಲರ್ ಅನ್ನೋರ ವಿಧಾನ ಬಂತು, ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೇ ಇದ್ದಾಗ ಕಟ್ಟಿಗೆಯ ಮದ್ಯಸಾರ ಕೈ ಹಿಡೀತು. ಸೋವಿಯತ್ ರಷ್ಯಾದಲ್ಲಂತೂ ಇಂಥ ಕಾರ್ಖಾನೆ ಡಜನ್‌ಗಟ್ಟಲೆ ಇದ್ದವು. ಪೇಟೆಯಲ್ಲಿ ಎಣ್ಣೆ ಸಿಗದ ಕಾಲದಲ್ಲಿ, ಇಲ್ಲಾ ಸರ್ಕಾರವೇ ಖರ್ಚು ಹೊತ್ತಾಗ ನಡೆಯೋದು, ಎಣ್ಣೆ ಅಗ್ಗ ಆದಾಗ ಬಾಗಿಲು ಹಾಕೋದು, ಇದು ಇಡೀ ಕಥೆಯಲ್ಲಿ ಪದೇ ಪದೇ ಕಾಣುತ್ತೆ. ಆಮ್ಲದ ಇನ್ನೊಂದು ತೊಂದರೆ, ಅದಕ್ಕೆ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಿಲ್ಲ. ಸರ ಬಿಚ್ಚಿದ ಮೇಲೆ ಬಂದ ಸಕ್ಕರೆಯನ್ನೂ ಸುಟ್ಟು ಹಾಕುತ್ತೆ. ಪೈಪು, ಪಾತ್ರೆಗಳನ್ನೂ ತಿನ್ನುತ್ತೆ.

ಈಗ ಕಥೆಯ ನಿಜವಾದ ನಾಯಕ ಬರೋ ಹೊತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ ಜಪಾನಿನ ವಿರುದ್ಧ ಕಾದಾಡ್ತಾ ಇತ್ತು. ಅಲ್ಲಿ ವರ್ಷಪೂರ್ತಿ ಮಳೆ, ಶೆಕೆ. ನಮ್ಮ ಮಲೆನಾಡಿನ ಆಷಾಢ ಹನ್ನೆರಡು ತಿಂಗಳೂ ಇದ್ದರೆ ಹೇಗೋ ಹಾಗೆ. ಹತ್ತಿ ಕ್ಯಾನ್ವಾಸಿನ ಡೇರೆ, ತಾಡಪಾಲು, ಸೊಂಟದ ಪಟ್ಟಿ, ಸಮವಸ್ತ್ರ ಎಲ್ಲಾ ನೋಡನೋಡ್ತಾ ಕೊಳೆತು ಪುಡಿಯಾಗ್ತಾ ಇದ್ದವು. ಸೈನ್ಯಕ್ಕೆ ಸಾಮಾನು ಪೂರೈಸೋ ಕ್ವಾರ್ಟರ್‌ಮಾಸ್ಟರ್ ಇಲಾಖೆಗೆ ಇದು ದೊಡ್ಡ ತಲೆನೋವು. ಕೊಳೆತ ಬಟ್ಟೆ ತುಂಡುಗಳನ್ನು ತರಿಸಿ, ಅದರ ಮೇಲಿನ ಬೂಷ್ಟುಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ನಂಬರ್ ಕೊಟ್ಟು ಇಟ್ಟರು. ಸಾಲೊಮನ್ ದ್ವೀಪಸಾಲಿನ ಬೂಗನ್‌ವಿಲ್ ದ್ವೀಪದಿಂದ ಬಂದ ಒಂದು ಡೇರೆ ಬಟ್ಟೆಯಲ್ಲಿ ಸಿಕ್ಕ ಹಸಿರು ಬೂಷ್ಟಿಗೆ ಬಿದ್ದ ನಂಬರ್ ಕ್ಯೂಎಂ 6ಎ. (ನಾವು ಕಾಂಪೌಂಡಿಗೆ ಹಬ್ಬಿಸೋ ಕಾಗದದ ಹೂವಿನ ಗಿಡ ಬೋಗನ್‌ವಿಲ್ಲಾ ಇದೆಯಲ್ಲ, ಆ ಗಿಡಕ್ಕೂ ಈ ದ್ವೀಪಕ್ಕೂ ಹೆಸರು ಬಂದಿದ್ದು ಒಬ್ಬನೇ ಫ್ರೆಂಚ್ ನಾವಿಕನಿಂದ.)

ಆ ಬೂಷ್ಟು ಟ್ರೈಕೋಡರ್ಮಾ ಜಾತಿಯದು. ಹೌದು, ಅಡಿಕೆ ಬುಡಕ್ಕೆ, ಶುಂಠಿ ಮಡಿಗೆ, ಮೆಣಸಿನ ಬಳ್ಳಿಗೆ ಅಂತ ನಾವು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಒದ್ದೆ ಗೋಣಿ ಮುಚ್ಚಿ ಬೆಳೆಸೋ ಅದೇ ಟ್ರೈಕೋಡರ್ಮಾ. ನಾವು ತರೋ ಪ್ಯಾಕೆಟ್ಟಿನ ಮೇಲೆ ವಿರಿಡೆ ಅಂತಲೋ ಹಾರ್ಜಿಯಾನಂ ಅಂತಲೋ ಇರುತ್ತೆ. ಇದು ಅವುಗಳ ದಾಯಾದಿ. ಶುರುವಿನಲ್ಲಿ ಇದನ್ನೂ ವಿರಿಡೆ ಅಂತಲೇ ತಿಳಿದಿದ್ರು. 1977ರಲ್ಲಿ ಎಮರಿ ಸಿಮ್ಮನ್ಸ್ ಅನ್ನೋ ವಿಜ್ಞಾನಿ ಇದು ಬೇರೆಯೇ ಅಂತ ಹೇಳಿ ಟ್ರೈಕೋಡರ್ಮಾ ರೀಸಿ ಅಂತ ಹೆಸರಿಟ್ಟರು. ಆ ಹೆಸರು ಯಾರದ್ದು ಅಂತ ಈಗ ಹೇಳ್ತೀನಿ.

ಎಲ್ವಿನ್ ರೀಸ್ ಅಂತ ಒಬ್ಬರು ಸೈನ್ಯದ ಆ ಲ್ಯಾಬಿನಲ್ಲಿದ್ರು. ಅವರಿಗೆ ಕೊಟ್ಟ ಕೆಲಸ ಬಟ್ಟೆ ಉಳಿಸೋದು. ತಾಮ್ರದ ಸಂಯುಕ್ತ ಹಚ್ಚಿ ಬಟ್ಟೆ ಕಾಪಾಡೋ ದಾರಿಯೆಲ್ಲ ಸೈನ್ಯದವರು ಮಾಡಿದ್ರು, ನಾವು ಕೊಳೆರೋಗಕ್ಕೆ ಬೋರ್ಡೋ ಹೊಡೆದ ಹಾಗೆ. ರೀಸ್ ಅವರಿಗೆ ಮಾತ್ರ ಬೇರೆ ಪ್ರಶ್ನೆ ಕಾಡ್ತಾ ಇತ್ತು. ಬೂಷ್ಟಿಗೆ ಹಲ್ಲಿಲ್ಲ, ಹೊಟ್ಟೆ ಇಲ್ಲ, ಅದು ಬಟ್ಟೆ ತಿನ್ನೋದು ಹೇಗೆ? ಬೂಷ್ಟು ಬೆಳೆದ ನೀರನ್ನು ಸೋಸಿ, ಬೂಷ್ಟು ತೆಗೆದುಹಾಕಿ, ಬರೀ ನೀರಿನಲ್ಲಿ ಹತ್ತಿ ಹಾಕಿದ್ರೂ ಸಕ್ಕರೆ ಬರುತ್ತೆ. ಅಂದ್ರೆ ಅದು ಹೊರಗಡೆಗೆ ರಸ ಬಿಟ್ಟು, ಅಲ್ಲೇ ಜೀರ್ಣ ಮಾಡಿ, ಕರಗಿದ್ದನ್ನು ಹೀರಿಕೊಳ್ಳುತ್ತೆ. ಆ ರಸವೇ ಕಿಣ್ವ, ಎಂಜೈಮ್. ಇನ್ನೊಂದು ವಿಷಯ ಅವರ ಗಮನಕ್ಕೆ ಬಂತು. ರಾಸಾಯನಿಕದಲ್ಲಿ ಹದ ಮಾಡಿ ಮೆತ್ತಗೆ ಮಾಡಿದ ಸೆಲ್ಯುಲೋಸನ್ನು ಎಷ್ಟೋ ಬೂಷ್ಟುಗಳು ತಿಂತವೆ. ಗಿಡದಿಂದ ಬಿಡಿಸಿದ ಹಸೀ ಹತ್ತಿಯನ್ನು ತಿನ್ನೋ ತಾಕತ್ತು ಕೆಲವಕ್ಕೆ ಮಾತ್ರ. ಹಾಗಾದ್ರೆ ಒಂದೇ ಕಿಣ್ವ ಅಲ್ಲ, ಒಂದು ಬಿಗಿ ಸಡಿಲ ಮಾಡೋದು, ಇನ್ನೊಂದು ಕತ್ತರಿಸೋದು, ಹೀಗೆ ಗುಂಪು ಇರಬೇಕು ಅಂತ 1950ರಲ್ಲಿ ರೀಸ್ ಮತ್ತು ಜೊತೆಯವರು ಬರೆದ್ರು. ಆಮೇಲೆ ಬೇರೆಯವರು ವಿವರ ತುಂಬಿಸಿದ್ರು. ಒಂದು ಕಿಣ್ವ ಸರವನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತೆ, ಎರಡನೆಯದು ತುದಿಯಿಂದ ಎರಡೆರಡು ಮಣಿ ಬಿಡಿಸ್ತಾ ಹೋಗುತ್ತೆ, ಮೂರನೆಯದು ಆ ಜೋಡಿ ಮಣಿ ಒಡೆದು ಬಿಡಿ ಗ್ಲೂಕೋಸ್ ಮಾಡುತ್ತೆ. ಕಬ್ಬು ಕಡಿಯೋ ಗ್ಯಾಂಗ್ ಇದ್ದ ಹಾಗೆ. ಕಡಿಯೋರು, ರವದಿ ಸವರೋರು, ಕಟ್ಟು ಕಟ್ಟೋರು. ಒಬ್ಬರು ಕೈ ಕೊಟ್ಟರೆ ಎಲ್ಲರ ಕೆಲಸ ನಿಲ್ಲುತ್ತೆ.

ಸೈನ್ಯದ ಲ್ಯಾಬು 1950ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನೇಟಿಕ್ ಅನ್ನೋ ಊರಿಗೆ ಹೋಯ್ತು. ಅಲ್ಲಿ ರೀಸ್ ಜೊತೆ ದಶಕಗಳ ಕಾಲ ದುಡಿದವರು ಮೇರಿ ಮ್ಯಾಂಡೆಲ್ಸ್. ನನ್ನ ಲೆಕ್ಕದಲ್ಲಿ ಈ ಕಥೆಯಲ್ಲಿ ಅತಿ ಹೆಚ್ಚು ತಾಳ್ಮೆ ಇದ್ದವರು ಆಯಮ್ಮನೇ. ಈ ಬೂಷ್ಟಿಗೆ ಒಂದು ಹಠ ಇತ್ತು. ತಿನ್ನೋಕೆ ಸೆಲ್ಯುಲೋಸ್ ಕೊಟ್ರೆ ಕಿಣ್ವ ಬಿಡುತ್ತೆ, ಸಲೀಸಾಗಿ ಸಕ್ಕರೆ ಕೊಟ್ರೆ ಬಿಡಲ್ಲ. ಕೂತಲ್ಲೇ ಊಟ ಸಿಕ್ಕರೆ ಯಾರು ಗೇಯ್ತಾರೆ ಹೇಳಿ. ಆದ್ರೆ ಒಂದು ಸಲ ಗ್ಲೂಕೋಸ್ ಕೊಟ್ಟಾಗಲೂ ಕಿಣ್ವ ಬಂತು. ಬೆನ್ನು ಹತ್ತಿ ನೋಡಿದ್ರೆ ಆ ಗ್ಲೂಕೋಸ್ ಪೂರ್ತಿ ಶುದ್ಧ ಇರಲಿಲ್ಲ, ಅದರಲ್ಲಿ ಸೊಫೊರೋಸ್ ಅನ್ನೋ ಬೇರೆ ಸಕ್ಕರೆಯ ಒಂದು ಚೂರು ಸೇರಿತ್ತು. ಆ ಚೂರೇ ಬೂಷ್ಟಿಗೆ "ಹತ್ತಿರದಲ್ಲಿ ಸೆಲ್ಯುಲೋಸ್ ಇದೆ, ಕೆಲಸ ಶುರು ಮಾಡು" ಅಂತ ಸುಳಿವು ಕೊಡ್ತಾ ಇತ್ತು. 1962ರಲ್ಲಿ ಇದನ್ನು ಪ್ರಕಟ ಮಾಡಿದ್ರು. ಕಲಬೆರಕೆಯಿಂದ ಒಳ್ಳೇದಾದ ಉದಾಹರಣೆ ನನಗೆ ಗೊತ್ತಿರೋದು ಇದೊಂದೇ.

1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದ್ವು, ಬೆಲೆ ನಾಲ್ಕು ಪಟ್ಟು ಆಯ್ತು. ಆಗ ಇಷ್ಟು ವರ್ಷ ಡೇರೆ ಉಳಿಸೋಕೆ ಅಂತ ಸಾಕಿದ್ದ ಬೂಷ್ಟನ್ನು ಉಲ್ಟಾ ಕೆಲಸಕ್ಕೆ ಹಚ್ಚಿದ್ರು. ನೇಟಿಕ್‌ನಲ್ಲಿ ಹಳೇ ನ್ಯೂಸ್‌ಪೇಪರ್ ಅರೆದು, ಅದರಿಂದ ಗ್ಲೂಕೋಸ್ ಪಾಕ ತೆಗೆದ್ರು. ಬೂಷ್ಟಿನ ಬೀಜಕಣಗಳಿಗೆ ಕಿರಣ ಹಾಯಿಸಿ, ಹೆಚ್ಚು ಕಿಣ್ವ ಬಿಡೋ ತಳಿ ಆರಿಸಿದ್ರು. ನಾವು ಹೊಲದಲ್ಲಿ ಒಳ್ಳೇ ತೆನೆ ಆರಿಸಿ ಬೀಜಕ್ಕೆ ಇಟ್ಟ ಹಾಗೇ, ಆದ್ರೆ ತಟ್ಟೆಯೊಳಗೆ. ಮುಂದೆ 1979ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಬ್ಲಾಂಡ್ ಮಾಂಟೆನ್‌ಕೋರ್ಟ್ ಮತ್ತು ಡಗ್ಲಸ್ ಈವ್ಲಿ ಅನ್ನೋರು ರಟ್ ಸಿ-30 ಅನ್ನೋ ತಳಿ ಕೊಟ್ಟರು. ಇದರ ವಿಶೇಷ ಏನಂದ್ರೆ, ಸುತ್ತ ಸಕ್ಕರೆ ಇದ್ರೂ ಕಿಣ್ವ ಮಾಡೋದನ್ನು ಪೂರ್ತಿ ನಿಲ್ಲಿಸಲ್ಲ. ಹಠ ಮುರಿದ ಹಾಗಾಯ್ತು. ಇವತ್ತು ಕಂಪನಿಗಳ ಟ್ಯಾಂಕಿನಲ್ಲಿರೋ ತಳಿಗಳು ಒಂದು ಲೀಟರ್ ದ್ರವಕ್ಕೆ 100 ಗ್ರಾಂವರೆಗೆ ಕಿಣ್ವದ ಪ್ರೋಟೀನ್ ಬಿಡ್ತವೆ. ಈ ತಳಿಗಳ ಮೂಲ ಹುಡುಕ್ತಾ ಹೋದ್ರೆ ಬೂಗನ್‌ವಿಲ್ ದ್ವೀಪದ ಆ ಒಂದೇ ಕೊಳೆತ ಡೇರೆಗೆ ಬಂದು ನಿಲ್ಲುತ್ತೆ.

2008ರಲ್ಲಿ ಇದರ ಪೂರ್ತಿ ಜೀನೋಮ್ ಓದಿದಾಗ ವಿಜ್ಞಾನಿಗಳಿಗೇ ಆಶ್ಚರ್ಯ ಆಯ್ತಂತೆ. ಇಷ್ಟು ಕಿಣ್ವ ಬಿಡೋ ಬೂಷ್ಟಿನಲ್ಲಿ ಆ ಕಿಣ್ವಗಳ ಜೀನ್ ಬಹಳ ಇರಬೇಕು ಅಂದ್ಕೊಂಡಿದ್ರು. ನೋಡಿದ್ರೆ ಬೇರೆ ಬೂಷ್ಟುಗಳಿಗಿಂತ ಕಮ್ಮಿನೇ ಇದ್ದವು. ಆಯುಧ ಕಮ್ಮಿ, ಆದ್ರೆ ಇರೋ ಆಯುಧವನ್ನೇ ರಾಶಿ ರಾಶಿ ಮಾಡೋ ಶಕ್ತಿ ಅದರದು.

ನಮ್ಮ ಮನೆಗಳಿಗೂ ಇದರ ಕಿಣ್ವ ಬಂದಾಗಿದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಕ್ಕಳು ದುಡ್ಡು ಕೊಟ್ಟು ತರೋ ಮಾಸಿದ ಜೀನ್ಸ್ ಪ್ಯಾಂಟು, ಅದನ್ನು ಮಾಸಿದ ಹಾಗೆ ಮಾಡೋದು ಇಂಥದ್ದೇ ಕಿಣ್ವ. ಬಟ್ಟೆ ಸೋಪಿನ ಪುಡಿಯಲ್ಲೂ, ಕೋಳಿ ಆಹಾರದಲ್ಲೂ ಬಳಸ್ತಾರೆ. ಡೇರೆ ತಿಂದಿದ್ದು ಕೊನೆಗೆ ಪ್ಯಾಂಟಿಗೇ ಬಂತು.

ಸರಿ, ಕಿಣ್ವ ಸಿಕ್ಕಿತು. ಆದ್ರೆ ಹುಲ್ಲನ್ನು ಸುಮ್ಮನೆ ಕಿಣ್ವದಲ್ಲಿ ನೆನೆಹಾಕಿದ್ರೆ ಏನೂ ಆಗಲ್ಲ. ಸಿಮೆಂಟು ಹಾಗೇ ಇದೆಯಲ್ಲ. ಮೊದಲು ಕಂಬ ಬಿರುಕು ಬಿಡಿಸಬೇಕು. ಒತ್ತಡದ ಹಬೆಯಲ್ಲಿ ಬೇಯಿಸಿ ಒಮ್ಮೆಗೇ ಒತ್ತಡ ಬಿಡೋದು ಒಂದು ದಾರಿ, ತೆಳು ಆಮ್ಲ ಇನ್ನೊಂದು, ಅಮೋನಿಯ ಮತ್ತೊಂದು. ಅಮೋನಿಯದ್ದು ನಮಗೆ ಹೊಸದಲ್ಲ. ಪಶು ಆಸ್ಪತ್ರೆಯವರು ಹೇಳಿಕೊಟ್ಟ ಯೂರಿಯಾ ಹುಲ್ಲು ನೆನಪು ಮಾಡಿಕೊಳ್ಳಿ: 100 ಕೆಜಿ ಭತ್ತದ ಹುಲ್ಲಿಗೆ 4 ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿ ಆಡದ ಹಾಗೆ ಮುಚ್ಚಿಡೋದು. ಒಳಗೆ ಯೂರಿಯಾ ಅಮೋನಿಯ ಆಗಿ ಹುಲ್ಲಿನ ಬಿಗಿ ಸಡಿಲ ಆಗುತ್ತೆ, ದನಕ್ಕೆ ಚೆನ್ನಾಗಿ ಅರಗುತ್ತೆ. ಅಮೆರಿಕದ ಡ್ಯುಪಾಂಟ್ ಕಂಪನಿ ಕೋಟಿಗಟ್ಟಲೆ ಸುರಿದು ಮಾಡಿದ ಮೊದಲ ಹಂತವೂ ಅಮೋನಿಯವೇ. ಆಮೇಲೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮಾಡೋ ಕೆಲಸವನ್ನು ಅಲ್ಲಿ ಟ್ಯಾಂಕಿನಲ್ಲಿ ಕಿಣ್ವ ಮಾಡುತ್ತೆ, ಅಷ್ಟೇ.

ಇನ್ನೊಂದು ತೊಡಕು ಬೈಂಡಿಂಗ್ ತಂತಿಯದು. ಹೆಮಿಸೆಲ್ಯುಲೋಸ್ ಒಡೆದ್ರೆ ಬರೋ ಸಕ್ಕರೆ ಬಹುಪಾಲು ಗ್ಲೂಕೋಸ್ ಅಲ್ಲ, ಕ್ಸೈಲೋಸ್ ಅಂತ. ಮಾಮೂಲಿ ಯೀಸ್ಟ್ ಅದನ್ನು ಮುಟ್ಟಲ್ಲ. ಮುಟ್ಟದೇ ಬಿಟ್ರೆ ಹುಲ್ಲಿನ ಸಕ್ಕರೆಯಲ್ಲಿ ಮೂರನೇ ಒಂದು ಭಾಗದಷ್ಟು ನೀರುಪಾಲು. ಫ್ಲೋರಿಡಾದ ಲೋನಿ ಇಂಗ್ರಾಮ್ ಅನ್ನೋರು ಬ್ಯಾಕ್ಟೀರಿಯಾಕ್ಕೆ ಬೇರೆ ಜೀನ್ ಸೇರಿಸಿ ಆ ಸಕ್ಕರೆಯಿಂದಲೂ ಎಥನಾಲ್ ಮಾಡಿಸಿದ್ರು. 1991ರಲ್ಲಿ ಅಮೆರಿಕ ಸರ್ಕಾರ ಕೊಟ್ಟ 50 ಲಕ್ಷನೇ ನಂಬರಿನ ಪೇಟೆಂಟು ಈ ಕೆಲಸದ್ದೇ. ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಹೋ ಅವರು ಯೀಸ್ಟನ್ನೇ ಹಾಗೆ ಬದಲಾಯಿಸಿದ್ರು. 2000ದ ನಂತರ ಅಮೆರಿಕ ಸರ್ಕಾರ ನೋವೋಜೈಮ್ಸ್, ಜೆನೆನ್‌ಕೋರ್ ಅನ್ನೋ ಎರಡು ಕಿಣ್ವ ಕಂಪನಿಗಳಿಗೆ ದುಡ್ಡು ಕೊಟ್ಟು, ಕಿಣ್ವದ ಖರ್ಚು ಹಲವು ಪಟ್ಟು ಇಳಿಸಿತು. 2004ರಲ್ಲಿ ಕೆನಡಾದ ಐಯೋಜೆನ್ ಗೋಧಿ ಹುಲ್ಲಿಂದ ಮಾಡಿದ ಎಥನಾಲ್ ಮಾರೋಕೆ ಶುರು ಮಾಡಿತು. ಎಲ್ಲರಿಗೂ ಇನ್ನೇನು ಗೆದ್ದ ಹಾಗೆ ಅನ್ನಿಸ್ತು.

ಅಲ್ಲಿಂದ ದೊಡ್ಡ ಫ್ಯಾಕ್ಟರಿಗಳ ಕಾಲ. 2013ರಲ್ಲಿ ಇಟಲಿಯ ಕ್ರೆಸೆಂಟಿನೊ. 2014ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಎಮ್ಮೆಟ್ಸ್‌ಬರ್ಗ್‌ನಲ್ಲಿ ಪೋಯೆಟ್-ಡಿಎಸ್‌ಎಂ, ಉದ್ಘಾಟನೆಗೆ ನೆದರ್‌ಲೆಂಡ್ಸ್ ರಾಜರೇ ಬಂದಿದ್ರು. ಅದೇ ವರ್ಷ ಕಾನ್ಸಾಸ್‌ನ ಹ್ಯೂಗೋಟನ್‌ನಲ್ಲಿ ಅಬೆಂಗೋವಾ. 2015ರಲ್ಲಿ ಅಯೋವಾದ ನೆವಾಡಾ ಊರಿನಲ್ಲಿ ಡ್ಯುಪಾಂಟ್, ವರ್ಷಕ್ಕೆ 3 ಕೋಟಿ ಗ್ಯಾಲನ್, ಅಂದ್ರೆ ಸುಮಾರು 11 ಕೋಟಿ ಲೀಟರ್ ಸಾಮರ್ಥ್ಯ.

ಈಗ ಕೇಳಿ. ಹ್ಯೂಗೋಟನ್ ಘಟಕ 2015 ಮುಗಿಯೋದರೊಳಗೆ ನಿಂತಿತು, ಅದರ ಮಾಲೀಕ ಕಂಪನಿಯೇ ಸಾಲದಲ್ಲಿ ಮುಳುಗಿತ್ತು. ಇಟಲಿಯದು 2017ರಲ್ಲಿ ನಿಂತು, ಕೈ ಬದಲಾಗಿ, ಐದು ವರ್ಷದ ಮೇಲೆ ಮತ್ತೆ ಶುರುವಾಯ್ತು. ಡ್ಯುಪಾಂಟ್ 2017ರ ನವೆಂಬರ್‌ನಲ್ಲಿ ಕೈ ಎತ್ತಿತು, ಆಮೇಲೆ ಘಟಕ ಮಾರಿಬಿಟ್ಟಿತು. ಎಮ್ಮೆಟ್ಸ್‌ಬರ್ಗ್‌ನದು 2019ರ ಕೊನೆಗೆ ಎಥನಾಲ್ ಮಾಡೋದು ನಿಲ್ಲಿಸಿತು. ಆಮೇಲೂ ಪಾಠ ಮುಗಿಯಲಿಲ್ಲ. ಕ್ಲಾರಿಯಂಟ್ ಅನ್ನೋ ಸ್ವಿಸ್ ಕಂಪನಿ ರೊಮೇನಿಯಾದ ಪೊಡಾರಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಗೋಧಿ ಹುಲ್ಲು ತಿನ್ನೋ ಘಟಕ ಕಟ್ಟಿ, 300ಕ್ಕೂ ಹೆಚ್ಚು ರೈತರ ಜೊತೆ ಒಪ್ಪಂದ ಮಾಡಿ, 2022ರಲ್ಲಿ ಶುರು ಮಾಡಿ, 2023ರ ಡಿಸೆಂಬರ್‌ನಲ್ಲಿ ಮುಚ್ಚೋ ನಿರ್ಧಾರ ಹೇಳಿತು.

ಯಾಕೆ? ಒಂದು ಕಾರಣ ಹಳೇದೇ. 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ಮೇಲಿದ್ದ ಕಚ್ಚಾ ಎಣ್ಣೆ 2015ರ ಶುರುವಿಗೆ 50ಕ್ಕಿಂತ ಕೆಳಗೆ ಬಿತ್ತು. ಆದ್ರೆ ಅದೊಂದೇ ಅಲ್ಲ. ಕಿಣ್ವ ಕೆಲಸ ಮಾಡ್ತು, ಯೀಸ್ಟ್ ಕೆಲಸ ಮಾಡ್ತು, ಕೈಕೊಟ್ಟಿದ್ದು ಹುಲ್ಲು. ಲ್ಯಾಬಿನಲ್ಲಿ ತೊಳೆದು, ಒಣಗಿಸಿ, ಪುಡಿ ಮಾಡಿದ ಹುಲ್ಲು ಬೇರೆ, ಹೊಲದಿಂದ ಪೆಂಡಿ ಕಟ್ಟಿ ತಂದ ಹುಲ್ಲು ಬೇರೆ. ಪೆಂಡಿಯಲ್ಲಿ ಮಣ್ಣು ಬರುತ್ತೆ, ಕಲ್ಲು ಬರುತ್ತೆ, ತಂತಿ ಬರುತ್ತೆ. ಒಂದು ಪೆಂಡಿ ಗರಿಗರಿ, ಪಕ್ಕದ್ದು ಇಬ್ಬನಿಯಲ್ಲಿ ನೆಂದಿದ್ದು. ಒತ್ತಡದ ಪಾತ್ರೆಗೆ ಹುಲ್ಲು ನೂಕೋ ಸ್ಕ್ರೂ, ಬ್ಲೇಡು ಸವೆಯುತ್ತೆ, ದಾರಿ ಕಟ್ಟಿಕೊಳ್ಳುತ್ತೆ. ಎಮ್ಮೆಟ್ಸ್‌ಬರ್ಗ್‌ನಲ್ಲಿ ವರ್ಷಗಟ್ಟಲೆ ತಿಣುಕಿದ್ದು ಈ ಮೊದಲ ಹಂತದಲ್ಲೇ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ, ಅದೇ ಸಿಲಿಕಾ, ಬೇರೆ ಹುಲ್ಲಿಗಿಂತ ಜಾಸ್ತಿ ಇರೋದರಿಂದ ಸವೆತವೂ ಜಾಸ್ತಿ. ಹುಲ್ಲು ಕೊಯ್ಯೋ ಮಷೀನಿನ ಬ್ಲೇಡು ಬದಲಾಯಿಸಿದವರಿಗೆ ಇದನ್ನು ಹೇಳೋ ಅಗತ್ಯ ಇಲ್ಲ.

ಡ್ಯುಪಾಂಟ್ ಲೆಕ್ಕ ನೋಡಿ: ಸುಮಾರು 500 ರೈತರು, ಸುತ್ತ 30 ಮೈಲಿ, ವರ್ಷಕ್ಕೆ 3 ಲಕ್ಷ 75 ಸಾವಿರ ಟನ್ ಸೊಪ್ಪೆ. ಅದನ್ನೆಲ್ಲ ಕೊಯ್ಲಾದ ಕೆಲವೇ ವಾರದಲ್ಲಿ, ಮಳೆ ಹಿಮ ಬೀಳೋ ಮುಂಚೆ ಕಟ್ಟಿ, ಸಾಗಿಸಿ, ವರ್ಷಪೂರ್ತಿಗೆ ಒಟ್ಟಬೇಕು. ಅಷ್ಟು ದೊಡ್ಡ ಬಣವೆಗೆ ಬೆಂಕಿ ಭಯ. ಅಯೋವಾದಲ್ಲಿ ಸೊಪ್ಪೆ ರಾಶಿಗಳಿಗೆ ಬೆಂಕಿ ಬಿದ್ದಿದ್ದೂ ಆಯ್ತು. ಕಣದಲ್ಲಿ ಒಂದು ಬಣವೆ ಕಾಯೋ ಕಷ್ಟ ನಮಗೆ ಗೊತ್ತು, ಅವರದ್ದು ಬೀದಿ ಉದ್ದದ ಬಣವೆ.

ಇದಕ್ಕೆ ಹೋಲಿಸಿದ್ರೆ ಬ್ರೆಜಿಲ್‌ನ ಕಥೆ ಬೇರೆ. ಪಿರಾಸಿಕಾಬಾದ ಹತ್ತಿರ ರೈಜೆನ್ ಕಂಪನಿ ಸಕ್ಕರೆ ಕಾರ್ಖಾನೆ ಪಕ್ಕದಲ್ಲೇ ಕಬ್ಬಿನ ಸಿಪ್ಪೆಯಿಂದ ಎಥನಾಲ್ ಮಾಡೋ ಘಟಕ ಹಾಕಿತು, ತಂತ್ರ ಐಯೋಜೆನ್‌ದು. ಅದು ನಡೀತು, 2024ರಲ್ಲಿ ಗ್ವಾರಿಬಾದಲ್ಲಿ ಇನ್ನೊಂದು ಶುರುವಾಯ್ತು. ಅಲ್ಲೂ ಮೊದಲ ವರ್ಷಗಳಲ್ಲಿ ತೊಂದರೆ ಇತ್ತು, ಆದ್ರೆ ಒಂದು ಅನುಕೂಲ ಇತ್ತು: ಸಿಪ್ಪೆ ಹುಡುಕಿಕೊಂಡು ಹೋಗೋ ಹಾಗಿಲ್ಲ, ಗಾಣದ ಬಾಯಿಂದ ನೇರವಾಗಿ ಬಂದು ಬೀಳುತ್ತೆ. ಸಾಗಿಸೋ ಖರ್ಚು ಕಬ್ಬಿನ ಲೆಕ್ಕದಲ್ಲೇ ಮುಗಿದಿರುತ್ತೆ.

ನಮ್ಮ ದೇಶದಲ್ಲಿ ಇದು ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಬೆಳೀತು, 2016ರಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ದಿನಕ್ಕೆ 10 ಟನ್ ಕೃಷಿ ತ್ಯಾಜ್ಯದ ಮಾದರಿ ಘಟಕ ಬಂತು. 2019ರಲ್ಲಿ ಕೇಂದ್ರ ಸರ್ಕಾರ ಜೀವನ್ ಯೋಜನೆ ಅಂತ ಇಂಥ ಘಟಕಗಳಿಗೆ ಸಹಾಯಧನ ಇಟ್ಟಿತು. ಇಂಡಿಯನ್ ಆಯಿಲ್‌ನವರ ಪಾಣಿಪತ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆ ಆಯ್ತು. 900 ಕೋಟಿ ರೂಪಾಯಿ ಮೇಲೆ ಖರ್ಚು, ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲು, 3 ಕೋಟಿ ಲೀಟರ್ ಎಥನಾಲ್, ಇದು ಅವತ್ತು ಹೇಳಿದ ಲೆಕ್ಕ. ಪಂಜಾಬ್, ಹರಿಯಾಣದಲ್ಲಿ ಕೂಳೆ ಸುಡೋ ಹೊಗೆ ದಿಲ್ಲಿಗೆ ಹೋಗೋದು ಇದರ ಹಿಂದಿನ ಒಂದು ದೊಡ್ಡ ಕಾರಣ. ಅವರಿಗೆ ಹುಲ್ಲು ಬೇಡವಾದ ವಸ್ತು, ನಮ್ಮ ಕಡೆ ಹುಲ್ಲು ಅಂದ್ರೆ ಮೇವು. ಈ ವ್ಯತ್ಯಾಸ ಮರೀಬಾರದು.

ಆ ಲೆಕ್ಕವನ್ನು ಹರಿಹರಕ್ಕೆ ಹಚ್ಚಿ ನೋಡಿದೆ. ಪಾಣಿಪತ್ ಪ್ರಕಾರ ಒಂದು ಟನ್ ಹುಲ್ಲಿಗೆ 150 ಲೀಟರ್. (ಒಂದು ಟನ್ ಮೆಕ್ಕೆಜೋಳದ ಕಾಳಿಗೆ 380 ಲೀಟರ್ ಹತ್ತಿರ ಬರುತ್ತೆ, ಅದಕ್ಕೇ ಡಿಸ್ಟಿಲರಿಗಳು ಮೊದಲು ಕಾಳಿಗೆ ಬಾಯಿ ಹಾಕಿದ್ದು.) ದಿನಕ್ಕೆ 60 ಸಾವಿರ ಲೀಟರ್ ಆಗಬೇಕಾದ್ರೆ ದಿನಕ್ಕೆ 400 ಟನ್ ಬೇಕು. ನಮ್ಮ ಕಡೆ ಕಟ್ಟೋ ಸಣ್ಣ ಉರುಳೆ ಪೆಂಡಿ ಒಂದಕ್ಕೆ 20 ಕೆಜಿ ಅಂತ ಹಿಡಿದ್ರೂ ದಿನಕ್ಕೆ 20 ಸಾವಿರ ಪೆಂಡಿ, ಭಾನುವಾರ ಹಬ್ಬ ಅನ್ನದೆ. ವರ್ಷಕ್ಕೆ 330 ದಿನ ನಡೆದ್ರೆ 1 ಲಕ್ಷ 32 ಸಾವಿರ ಟನ್. ಎಕರೆಗೆ 2 ಟನ್ ಹುಲ್ಲು ಸಿಗುತ್ತೆ ಅಂದ್ರೂ 66 ಸಾವಿರ ಎಕರೆಯ ಹುಲ್ಲು. ಭದ್ರಾ ನೀರು ಕೈಕೊಟ್ಟ ವರ್ಷ ಏನು ಮಾಡ್ತಾರೆ? ಆ ವರ್ಷ ದನಕ್ಕೂ ಹುಲ್ಲಿರಲ್ಲ, ಮೇವಿನ ರೇಟು ಎಲ್ಲಿಗೋ ಹೋಗಿರುತ್ತೆ, ಅವರು ಕೊಡೋ ರೇಟು ಕಾಗದದಲ್ಲಿ ಬರೆದಷ್ಟೇ ಇರುತ್ತೆ.

ಹುಲ್ಲಿನ ಜೊತೆ ಹೊಲದಿಂದ ಏನು ಹೋಗುತ್ತೆ ಅನ್ನೋದೂ ಲೆಕ್ಕಕ್ಕೆ ಬರಲಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸಾರಜನಕ 5ರಿಂದ 8 ಕೆಜಿ, ಪೊಟ್ಯಾಷಿಯಂ 12ರಿಂದ 17 ಕೆಜಿ ಇರುತ್ತೆ. ಎಂಒಪಿ ಚೀಲದ ಮೇಲಿನ ಪೊಟ್ಯಾಷ್ ಲೆಕ್ಕಕ್ಕೆ ತಿರುಗಿಸಿದ್ರೆ 15ರಿಂದ 20 ಕೆಜಿ. 50 ಕೆಜಿಯ ಒಂದು ಚೀಲದಲ್ಲಿ ಇರೋದೇ 30 ಕೆಜಿ. ಅಂದ್ರೆ ಒಂದು ಟನ್ ಹುಲ್ಲು ಲಾರಿ ಹತ್ತಿದ್ರೆ ಅರ್ಧ ಚೀಲಕ್ಕೂ ಹೆಚ್ಚು ಪೊಟ್ಯಾಷ್ ಅದರ ಜೊತೆ ಹತ್ತಿದ ಹಾಗೆ. ಎಮ್ಮೆಟ್ಸ್‌ಬರ್ಗ್‌ನವರು ಕೂಡ ರೈತರಿಂದ ಎಲ್ಲಾ ಸೊಪ್ಪೆ ಎತ್ತಲಿಲ್ಲ, ಎಕರೆಗೆ ಸುಮಾರು ಒಂದು ಟನ್ ಮಾತ್ರ, ಹೆಚ್ಚಿನ ಪಾಲು ಮಣ್ಣಿಗೇ ಬಿಟ್ಟರು. ಡ್ಯುಪಾಂಟ್ ಬಿಟ್ಟುಹೋದ ಘಟಕವನ್ನು ಕೊಂಡ ಜರ್ಮನಿಯ ವರ್ಬಿಯೊ ಕಂಪನಿ ಅದೇ ಸೊಪ್ಪೆಯಿಂದ ಈಗ ಗೋಬರ್ ಗ್ಯಾಸಿನ ತರಹದ ಅನಿಲ ಮಾಡುತ್ತೆ, ಉಳಿದ ಗಸಿ ಹೊಲಕ್ಕೆ ಗೊಬ್ಬರವಾಗಿ ವಾಪಸ್ ಹೋಗುತ್ತೆ. ನನಗೆ ಅದು ಹೆಚ್ಚು ಹಿಡಿಸ್ತು.

ಯಾರಾದ್ರೂ ಹುಲ್ಲಿನ ಒಪ್ಪಂದ ಹಿಡಿದು ಬಾಗಿಲಿಗೆ ಬಂದ್ರೆ ನಾನು ಕೇಳೋ ಪ್ರಶ್ನೆ ಇವು. ತೂಕ ಎಲ್ಲಿ ಮಾಡ್ತೀರಿ, ತೇವಾಂಶಕ್ಕೆ ಎಷ್ಟು ಕಡಿತ? ಪೆಂಡಿ ಕಟ್ಟೋ ಖರ್ಚು, ಲಾರಿ ಬಾಡಿಗೆ ಯಾರದ್ದು? ನನ್ನ ಬದುವಿನಲ್ಲಿ ಒಟ್ಟಿದ ಮೇಲೆ ಬೆಂಕಿ ಬಿದ್ರೆ ಯಾರ ತಲೆಗೆ? ಬರದ ವರ್ಷ ಹುಲ್ಲು ಕೊಡದೇ ಇದ್ರೆ ದಂಡ ಇದೆಯಾ? ಎಕರೆಗೆ ಎಷ್ಟು ಬಿಟ್ಟು ಎಷ್ಟು ಎತ್ತುತ್ತೀರಿ? ನೀವು ಬಾಗಿಲು ಹಾಕಿದ್ರೆ ಬಾಕಿ ದುಡ್ಡು ಯಾರು ಕೊಡ್ತಾರೆ? ಪೊಡಾರಿಯ 300 ರೈತರ ಕಥೆ ಓದಿದ ಮೇಲೆ ಈ ಕೊನೇ ಪ್ರಶ್ನೆ ಸೇರಿಸಿಕೊಂಡೆ.

ಈ ವರ್ಷ ನನ್ನ ಭತ್ತದ ಹುಲ್ಲು ನಮ್ಮ ದನಕ್ಕೇ ಸಾಲದು, ಬಣವೆ ಒಟ್ಟಾಗಿದೆ. ಮೆಕ್ಕೆಜೋಳದ ಸೊಪ್ಪೆಗೆ ರೋಟವೇಟರ್ ಹೊಡೆಸಿ, ಸೆಗಣಿ ನೀರಿನ ಜೊತೆ ಟ್ರೈಕೋಡರ್ಮಾ ಹಾಕಿ ಮಣ್ಣಿಗೆ ಸೇರಿಸ್ತಾ ಇದ್ದೀನಿ. ನಿಮ್ಮಲ್ಲಿ ಯಾರಿಗಾದ್ರೂ ಟನ್‌ಗೆ ಇಷ್ಟು ಅಂತ ಬರವಣಿಗೆಯಲ್ಲಿ ರೇಟು ಸಿಕ್ಕಿದ್ರೆ ಕಾಗದ ತನ್ನಿ, ಪೆಂಡಿ ಕೂಲಿ, ಬಾಡಿಗೆ, ಪೊಟ್ಯಾಷ್ ಎಲ್ಲಾ ಕಳೆದು ಎಷ್ಟು ಉಳಿಯುತ್ತೆ ಅಂತ ಕೂತು ಲೆಕ್ಕ ಹಾಕೋಣ.